ಗಣಪನ ಗರಿಕೆ, ದೊರೆಗಳ ಲಾನು, ಬಹ್ರೈನಿನ ನೀರು

ಲಾನ್ ಅಂದ್ರೆ ಏನ್ ಮಹಾ, ಹುಲ್ಲು ತಾನೇ ಅಂತೀರಾ? ಬಹ್ರೈನಿನಲ್ಲಿ ಒಂದು ಬೇಸಿಗೆ ಕಳೆದವರ ಮುಂದೆ ಈ ಮಾತು ಹೇಳಿ ನೋಡಿ! ಜುಲೈನಲ್ಲಿ ನೆರಳಲ್ಲೇ 40 ಡಿಗ್ರಿ ಆಸುಪಾಸು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯ ಮಾತೇ ಇಲ್ಲ. ಕಾಲ ಕೆಳಗೆ ಉಪ್ಪು ಹತ್ತಿದ ಮರಳು. ಆದ್ರೂ ಮನಾಮಾದ ರಸ್ತೆ ಪಕ್ಕ, ಹೋಟೆಲುಗಳ ಮುಂದೆ, ವಿಲ್ಲಾಗಳ ಕಾಂಪೌಂಡಿನಲ್ಲಿ ಹಸಿರು ಹುಲ್ಲುಹಾಸು ಕಾಣುತ್ತೆ. ಇದು ಯಾರ ಐಡಿಯಾ? ಈ ಹುಲ್ಲು ಯಾವುದು? ಎಲ್ಲಕ್ಕಿಂತ ಮುಖ್ಯವಾಗಿ, ಇದಕ್ಕೆ ನೀರು ಎಲ್ಲಿಂದ? ಈ ಮೂರು ಪ್ರಶ್ನೆ ಹಿಡ್ಕೊಂಡು ಹೊರಟರೆ ಇಂಗ್ಲೆಂಡು, ಬೆಂಗಳೂರು, ಬಹ್ರೈನು ಎಲ್ಲಾ ಸುತ್ತಿ ಬರಬೇಕಾಗುತ್ತೆ.

ಮೊದಲು ಐಡಿಯಾ ವಿಷಯ. ಹುಲ್ಲುಹಾಸು ಮೂಲತಃ ಉತ್ತರ ಯುರೋಪಿನ ತಂಪು ನಾಡಿನ ಕೂಸು. ಇಂಗ್ಲೆಂಡಿನ ಶ್ರೀಮಂತರು ತಮ್ಮ ಬಂಗಲೆ ಮುಂದೆ ಎಕರೆಗಟ್ಟಲೆ ಜಾಗದಲ್ಲಿ ಏನೂ ಬೆಳೆಯದೆ, ಬರೀ ಹುಲ್ಲು ಬಿಡ್ತಿದ್ರು. "ನನಗೆ ಈ ನೆಲದಲ್ಲಿ ಬೆಳೆ ತೆಗೀಬೇಕಾದ ದರ್ದಿಲ್ಲ" ಅಂತ ಊರಿಗೆಲ್ಲ ಸಾರೋ ಮಾರ್ಗ ಅದು. ಕತ್ತರಿಸೋಕೆ ಕುರಿಗಳು, ಇಲ್ಲಾಂದ್ರೆ ಉದ್ದ ಹಿಡಿಯ ಕುಡುಗೋಲು ಹಿಡಿದ ಆಳುಗಳು. ಬಡವನಿಗೆ ಇದು ಎಟುಕುವ ಮಾತಾಗಿರಲಿಲ್ಲ.

ಅದನ್ನ ಬದಲಾಯಿಸಿದ್ದು ಒಬ್ಬ ಮೆಕ್ಯಾನಿಕ್ (ನಮ್ಮ ಜಾತಿಯವನೇ ಅನ್ನಿ!). ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಕಡೆಯ ಎಡ್ವಿನ್ ಬಡಿಂಗ್. ಅಲ್ಲಿನ ಉಣ್ಣೆ ಗಿರಣಿಗಳಲ್ಲಿ ಬಟ್ಟೆ ಮೇಲಿನ ನವಿರು ಎಳೆಗಳನ್ನ ಒಂದೇ ಸಮ ಕತ್ತರಿಸೋಕೆ ಒಂದು ಯಂತ್ರ ಇತ್ತು. ಸಿಲಿಂಡರಿಗೆ ಸುತ್ತಿದ ಬ್ಲೇಡುಗಳು ತಿರುಗ್ತಾ ತಿರುಗ್ತಾ ಕತ್ತರಿಸೋದು. ಬಟ್ಟೆಗೆ ಮಾಡೋದನ್ನ ಹುಲ್ಲಿಗೆ ಯಾಕೆ ಮಾಡಬಾರದು ಅಂತ ಈತ ಯೋಚಿಸಿದ. 1830ರಲ್ಲಿ ಪೇಟೆಂಟ್ ಸಿಕ್ತು. ಮುಂದೆ ಈ ಯಂತ್ರಗಳು ಅಗ್ಗವಾಗ್ತಾ ಹೋದ ಹಾಗೆ, ಆಳುಕಾಳು ಇಲ್ಲದ ಗುಮಾಸ್ತನೂ ಮನೆ ಮುಂದೆ ನಾಲ್ಕು ಗಜದ ಲಾನ್ ಇಟ್ಕೊಳ್ಳೋ ಕಾಲ ಬಂತು.

ಅಲ್ಲಿ ಅದನ್ನ ಸಾಕೋದು ಅಂಥ ಕಷ್ಟ ಅಲ್ಲ. ಫೆಸ್ಕ್ಯೂ, ರೈ ಹುಲ್ಲು, ಬ್ಲೂಗ್ರಾಸ್ ಇವೆಲ್ಲ 15ರಿಂದ 24 ಡಿಗ್ರಿ ಒಳಗೆ ಸೊಂಪಾಗಿ ಬೆಳೆಯೋ ಜಾತಿಗಳು. ತೀರಾ ಬುಡಕ್ಕೆ ಕತ್ತರಿಸದೆ ಎರಡೂವರೆ ಮೂರು ಇಂಚು ಬಿಡಬೇಕು. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೀಬಾರದು. ದಿನಾ ಚಿಮುಕಿಸೋ ಬದಲು ವಾರಕ್ಕೊಮ್ಮೆ ಆಳಕ್ಕೆ ಇಳಿಯೋ ಹಾಗೆ ನೀರು ಕೊಡಬೇಕು. ಶರತ್ಕಾಲದಲ್ಲಿ ಗಟ್ಟಿಯಾದ ನೆಲಕ್ಕೆ ತೂತು ಹೊಡೆದು ಗಾಳಿ ಆಡಿಸಿ, ಬೀಜ ಗೊಬ್ಬರ ಹಾಕಬೇಕು. ಅಷ್ಟೇ. ಉಳಿದಿದ್ದನ್ನ ಹವಾಮಾನವೇ ನೋಡ್ಕೊಳ್ಳುತ್ತೆ. ಲಂಡನ್ನಿನಲ್ಲಿ ವರ್ಷಕ್ಕೆ ಬೀಳೋದು ಸುಮಾರು 600 ಮಿ.ಮೀ. ಮಳೆ. ಬೆಂಗಳೂರಿಗಿಂತ ಎಷ್ಟೋ ಕಮ್ಮಿ! ಆದ್ರೆ ಅದು ಹನ್ನೆರಡು ತಿಂಗಳಿಗೂ ಹಂಚಿ ಬೀಳುತ್ತೆ. ಗುಟ್ಟು ಇರೋದು ಅಲ್ಲೇ.

ಇಂಗ್ಲಿಷರು ಹೋದಲ್ಲೆಲ್ಲ ಲಾನನ್ನೂ ಹೊತ್ಕೊಂಡು ಹೋದ್ರು. ಬೆಂಗಳೂರು ದಂಡು ಪ್ರದೇಶ ಶುರುವಾಗಿದ್ದು 1809ರಲ್ಲಿ. ಬಂಗಲೆ ಅಂದ್ಮೇಲೆ ಕಾಂಪೌಂಡು, ಕಾಂಪೌಂಡು ಅಂದ್ಮೇಲೆ ಲಾನು. 1870ರಲ್ಲಿ ಕಬ್ಬನ್ ಪಾರ್ಕ್ ಬಂತು. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ಲಾಲ್‌ಬಾಗನ್ನೂ ಊರಿನ ಸಾಲುಮರಗಳನ್ನೂ ರೂಪಿಸಿದ. ಕೆಆರ್‌ಎಸ್ ಅಣೆಕಟ್ಟಿನ ಕೆಳಗೆ ಬೃಂದಾವನ ಬಂತು. ಅಲ್ಲಿನ ಕ್ರಮ ಗಮನಿಸಿ: ಮೊದಲು ನೀರು ಕಟ್ಟಿದ್ರು, ಆಮೇಲೆ ಹುಲ್ಲು ಹಾಸಿದ್ರು.

ಆದ್ರೆ ತಂಪು ನಾಡಿನ ಆ ಹುಲ್ಲು ನಮ್ಮ ಬಿಸಿಲಿಗೆ ಬಾಳೋದಿಲ್ಲ. ಸೆಕೆ ಏರಿದ ಹಾಗೆ ಅದರ ಎಲೆಗಳು ಇಂಗಾಲದ ಡೈ ಆಕ್ಸೈಡ್ ಹಿಡಿಯೋ ಬದಲು ಆಮ್ಲಜನಕವನ್ನೂ ಹಿಡಿದು, ಮಾಡಿದ ಕೆಲಸವನ್ನ ತಾವೇ ಹಾಳು ಮಾಡ್ಕೊಳ್ತವೆ. ಗೋಧಿ, ಬಾರ್ಲಿಗೂ ಇದೇ ಪಾಡು. ರಾಗಿ, ಜೋಳ, ಕಬ್ಬು ಈ ಸಮಸ್ಯೆಯನ್ನ ಬೇರೆ ರೀತಿ ಪರಿಹರಿಸಿಕೊಂಡಿವೆ. ಇಂಗಾಲವನ್ನ ಮೊದಲು ಒಂದು ಕಡೆ ಕೂಡಿಟ್ಟು, ಆಮೇಲೆ ಒಳಮನೆಗೆ ಕಳಿಸ್ತವೆ. ಹಾಗಾಗಿ ಬಿಸಿಲು ಹೆಚ್ಚಿದಷ್ಟೂ ಇವಕ್ಕೆ ಹಬ್ಬ, ನೀರಿನ ಖರ್ಚೂ ಕಮ್ಮಿ. ರಾಗಿಗೆ ಹತ್ತಿರದ ದಾಯಾದಿಯೊಂದು ನೆಲಕ್ಕಂಟಿ ಹಬ್ಬುತ್ತೆ, ತುಳಿದ್ರೂ ಸಾಯಲ್ಲ, ದನ ಮೇಯ್ದ್ರೂ ಮತ್ತೆ ಚಿಗುರುತ್ತೆ. ಅದ್ಯಾವುದು ಗೊತ್ತಾ?

ಗರಿಕೆ! ಚೌತಿ ದಿನ 21 ಎಳೆ ಎಣಿಸಿ ಗಣಪನಿಗೆ ಏರಿಸ್ತೀವಲ್ಲ, ಅದೇ. ಹೊಲದಲ್ಲಿ ಬಂದ್ರೆ ರೈತ ಶಾಪ ಹಾಕ್ತಾ ಕೀಳ್ತಾನಲ್ಲ, ಅದೇ. ಪ್ರಪಂಚದ ಪೇಟೆಯಲ್ಲಿ ಇದರ ಹೆಸರು ಬರ್ಮುಡಾ ಗ್ರಾಸ್. ಬರ್ಮುಡಾ ದ್ವೀಪಕ್ಕೂ ಇದರ ಹುಟ್ಟಿಗೂ ಸಂಬಂಧ ಇಲ್ಲ, ಅಮೆರಿಕದವರು ಇಟ್ಟ ಹೆಸರು ಅಂಟಿಕೊಂಡಿದೆ, ಅಷ್ಟೇ. ಜಾರ್ಜಿಯಾದ ಟಿಫ್ಟನ್ ಊರಿನಲ್ಲಿ ಗ್ಲೆನ್ ಬರ್ಟನ್ ಅನ್ನೋ ತಳಿವಿಜ್ಞಾನಿ ಇದನ್ನ ಆಫ್ರಿಕಾದ ಸೋದರ ಹುಲ್ಲಿನ ಜೊತೆ ಬೆರೆಸಿದ ತಳಿಗಳ ಮೇಲೆ ಕೆಲಸ ಮಾಡಿದ. 1960ರಲ್ಲಿ ಹೊರಬಂದ 'ಟಿಫ್‌ವೇ' ತಳಿ ಬಿಸಿ ದೇಶಗಳ ಎಷ್ಟೋ ಗಾಲ್ಫ್, ಫುಟ್‌ಬಾಲ್ ಮೈದಾನಗಳನ್ನ ಆವರಿಸಿತು. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಸುಮ್ನೆ ಅಲ್ಲ! ಕೊಲ್ಲಿ ನಾಡಿನ ಹುಲ್ಲುಹಾಸುಗಳಲ್ಲೂ ಹೆಚ್ಚಾಗಿ ಕಾಣೋದು ಈ ಗರಿಕೆ ವಂಶ, ಇಲ್ಲಾ ಉಪ್ಪು ನೀರನ್ನ ತಾಳಿಕೊಳ್ಳೋ ಪಾಸ್ಪಾಲಮ್. ಚಳಿಗಾಲದಲ್ಲಿ ಗರಿಕೆ ಬಣ್ಣಗೆಟ್ಟು ಮಲಗಿದಾಗ ಕೆಲವು ಮೈದಾನಗಳಲ್ಲಿ ಅದರ ಮೇಲೆ ರೈ ಹುಲ್ಲಿನ ಬೀಜ ಚೆಲ್ತಾರೆ. ಉತ್ತರದ ಹುಲ್ಲು ಇಲ್ಲಿ ನಾಲ್ಕೈದು ತಿಂಗಳ ನೆಂಟ, ಬಿಸಿಲೇರಿದ ಕೂಡ್ಲೆ ಗಂಟುಮೂಟೆ ಕಟ್ಟುತ್ತೆ.

ಹುಲ್ಲಿನ ಪ್ರಶ್ನೆ ಬಗೆಹರೀತು. ಉಳಿದಿದ್ದು ನೀರು. ಬಹ್ರೈನಿನ ನಿಜವಾದ ಕಥೆ ಇರೋದು ಇಲ್ಲಿ.

ಬಹ್ರೈನ್ ಅಂದ್ರೆ ಅರಬ್ಬಿಯಲ್ಲಿ ಎರಡು ಸಮುದ್ರ. ಒಂದು ಉಪ್ಪಿನದು, ಇನ್ನೊಂದು ನೆಲದಡಿಯ ಸಿಹಿನೀರಿನದು ಅಂತ ಅರ್ಥ ಹೇಳೋರಿದ್ದಾರೆ. ಸುಮೇರಿಯನ್ ಪುರಾಣದ ದಿಲ್ಮುನ್ ಇದೇ ನಾಡು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಆ ಕಥೆಯಲ್ಲಿ ಎನ್ಕಿ ದೇವರು ಈ ನಾಡಿಗೆ ಕೊಡೋ ವರವೇ ನೆಲದಿಂದ ಉಕ್ಕೋ ಸಿಹಿನೀರು. ಅರೇಬಿಯಾದ ಒಳನಾಡಿನಲ್ಲಿ ಎಂದೋ ಬಿದ್ದ ಮಳೆ ಸುಣ್ಣಕಲ್ಲಿನ ಪದರಗಳಲ್ಲಿ ಹರಿದು ಬಂದು ಇಲ್ಲಿ ಚಿಲುಮೆಯಾಗಿ ಏಳ್ತಿತ್ತು. ಸಮುದ್ರದ ತಳದಲ್ಲೂ ಚಿಲುಮೆಗಳಿದ್ದವು. ಮುತ್ತು ಹೆಕ್ಕೋ ಮುಳುಗುಗಾರರು ಉಪ್ಪು ನೀರಿನೊಳಗೆ ಮುಳುಗಿ ಚರ್ಮದ ಚೀಲದಲ್ಲಿ ಸಿಹಿನೀರು ತುಂಬಿಸ್ಕೊಂಡು ಬರ್ತಿದ್ರು!

ಎಲ್ಲಕ್ಕಿಂತ ಹೆಸರಾದ ಚಿಲುಮೆ ಐನ್ ಅಧಾರಿ. ಅದರ ಕಾಲುವೆಗಳು ದೂರದ ಖರ್ಜೂರದ ತೋಟಗಳಿಗೆ ನೀರುಣಿಸ್ತಿದ್ವು. ದೂರದವರಿಗೆ ನೀರು, ಪಕ್ಕದವರಿಗೆ ಬರ ಅಂತ ಅಧಾರಿ ಬಗ್ಗೆ ಇಲ್ಲಿ ಒಂದು ಗಾದೆಯೇ ಇದೆ. ನಮ್ಮ 'ಊರಿಗೆ ಉಪಕಾರಿ, ಮನೆಗೆ ಮಾರಿ' ಇದ್ದ ಹಾಗೆ.

1925ರಲ್ಲಿ ನ್ಯೂಜಿಲೆಂಡಿನ ಫ್ರಾಂಕ್ ಹೋಮ್ಸ್ ಇಲ್ಲಿಯ ದೊರೆಗೆ ನೀರಿನ ಕೊಳವೆ ಬಾವಿ ಕೊರೆದುಕೊಟ್ಟ. ಅದೇ ವರ್ಷದ ಕೊನೆಗೆ ಎಣ್ಣೆ ಹುಡುಕೋ ಪರವಾನಗಿ ಪಡೆದ. 1932ರಲ್ಲಿ ಜೆಬೆಲ್ ದುಖಾನ್ ಬಳಿ ಎಣ್ಣೆ ಸಿಕ್ತು. ಎಣ್ಣೆ ಕಂಪನಿ ತನ್ನ ನೌಕರರಿಗಾಗಿ ಅವಾಲಿ ಅನ್ನೋ ಊರು ಕಟ್ಟಿತು, ತೋಟ ಮಾಡಿತು. ಅಲ್ಲಿನ ಗಾಲ್ಫ್ ಮೈದಾನ ಮಾತ್ರ ಮರಳಿನದು. ಚೆಂಡು ಉರುಳಿಸೋ ಜಾಗದಲ್ಲಿ ಹುಲ್ಲಿನ 'ಗ್ರೀನ್' ಬದಲು ಎಣ್ಣೆ ಬೆರೆಸಿ ಸಮ ಮಾಡಿದ ಮರಳಿನ 'ಬ್ರೌನ್'. ನನ್ನ ಪ್ರಕಾರ ಅದು ಭೇಷಾದ ಎಂಜಿನಿಯರಿಂಗ್. ಇರೋದರಲ್ಲಿ ಆಟ ಆಡೋದು.

ಒಂದು ಸಣ್ಣ ಲೆಕ್ಕ ಹಾಕೋಣ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಲಾನ್. ಇಲ್ಲಿಯ ಕಡು ಬೇಸಿಗೆಯಲ್ಲಿ ದಿನಕ್ಕೆ 8 ಮಿ.ಮೀ. ನೀರು ಬೇಕು ಅಂದ್ಕೊಳ್ಳಿ. ಅಂದ್ರೆ 800 ಲೀಟರ್. ನಮ್ಮ ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅನ್ನೋದು ಸರ್ಕಾರಿ ಮಾನದಂಡ. ಅಂದ್ರೆ ಆರು ಜನರ ನೀರು. ಬಹ್ರೈನಿನಲ್ಲಿ ವರ್ಷವಿಡೀ ಬೀಳೋ ಮಳೆ ಸುಮಾರು 75 ಮಿ.ಮೀ. ಅಷ್ಟನ್ನೂ ಹಿಡಿದಿಟ್ಟರೂ ಆ ಲಾನಿಗೆ ಒಂಬತ್ತು ದಿನ ಸಾಲುತ್ತೆ, ಅಷ್ಟೇ!

ಲಾನ್ ಒಂದರಿಂದಲೇ ಬಹ್ರೈನಿನ ಚಿಲುಮೆಗಳು ಬತ್ತಲಿಲ್ಲ. ಹೊಲ, ತೋಟ, ಬೆಳೆಯೋ ಊರು, ಕಾರ್ಖಾನೆ ಎಲ್ಲಕ್ಕೂ ಕೊಳವೆ ಬಾವಿ ಕೊರೆದ್ರು. ಪಕ್ಕದ ಸೌದಿಯಲ್ಲೂ ಅದೇ ಪದರದಿಂದ ನೀರೆತ್ತಿದ್ರು. ಒತ್ತಡ ಇಳೀತು, ಸಮುದ್ರದ ಉಪ್ಪು ಒಳಗೆ ನುಗ್ಗಿತು. ಸಾವಿರಾರು ವರ್ಷ ಉಕ್ಕಿದ ಚಿಲುಮೆಗಳು 20ನೇ ಶತಮಾನ ಮುಗಿಯೋದ್ರೊಳಗೆ ಸುಮ್ಮನಾದ್ವು. ಅಧಾರಿಯೂ ಅಷ್ಟೇ. ಇವತ್ತು ಆ ಹೆಸರಿನಲ್ಲಿ ಒಂದು ಮೋಜಿನ ಪಾರ್ಕ್ ಇದೆ. ಮಕ್ಕಳು ಆಡ್ತಾರೆ. ನೆಲ ಮಾತ್ರ ತಾನಾಗಿ ಉಕ್ಕೋದಿಲ್ಲ.

ಕಳೆದುಕೊಂಡ ಮೇಲೆ ಬಹ್ರೈನ್ ಬುದ್ಧಿ ಕಲೀತು. ಕುಡಿಯೋಕೆ ಸಮುದ್ರದ ನೀರನ್ನ ಸಿಹಿ ಮಾಡೋ ಸ್ಥಾವರ 1975ರಲ್ಲಿ ಸಿತ್ರಾದಲ್ಲಿ ಬಂತು. 1982ರಲ್ಲಿ ತುಬ್ಲಿಯಲ್ಲಿ ಒಳಚರಂಡಿ ನೀರು ಶುದ್ಧ ಮಾಡೋ ಕೇಂದ್ರ ಶುರುವಾಯ್ತು. ಅಲ್ಲಿ ಮೂರನೇ ಹಂತದ ತನಕ ಸೋಸಿ, ಓಜೋನ್ ಹಾಯಿಸಿದ ನೀರು ತೋಟಗಳಿಗೆ, ರಸ್ತೆ ಬದಿಯ ಹಸಿರಿಗೆ ಹೋಗುತ್ತೆ. ನಾವು ಬಚ್ಚಲಲ್ಲಿ ಚೆಲ್ಲಿದ ನೀರನ್ನೇ ರಸ್ತೆ ಪಕ್ಕದ ಗರಿಕೆ ಕುಡೀತಿರಬಹುದು!

ಇದನ್ನೆಲ್ಲ ಯಾಕೆ ಹೇಳ್ತಿದೀನಿ? ನಮ್ಮೂರ ಸಲುವಾಗಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯೋ ನೀರನ್ನ ಕೈತೋಟಕ್ಕೆ ಬಿಟ್ರೆ 5000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ಇತ್ತ 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳನ್ನ ತುಂಬಿಸ್ತಿದೆ. ಎರಡೇ ಹಂತ ಸಾಲದು, ಮೂರನೇ ಹಂತವೂ ಬೇಕು ಅಂತ ಅಲ್ಲಿನ ಜನ ಕೇಳ್ತಾ ಬಂದಿದ್ದಾರೆ. ನ್ಯಾಯವಾದ ಮಾತೇ. ಇಲ್ಲಿ ಹುಲ್ಲಿಗೆ ಕೊಡೋ ನೀರಿಗೇ ಮೂರು ಹಂತ ಇರೋವಾಗ, ಜನರ ಅಂತರ್ಜಲ ಸೇರೋ ನೀರಿಗೆ ಎರಡು ಸಾಕಾ?

ಬಹ್ರೈನಿಗೆ ಚಿಲುಮೆ ಬತ್ತಿದ ಮೇಲೆ ಸಮುದ್ರ ಇತ್ತು, ಅದನ್ನ ಕುಡಿಯೋ ನೀರು ಮಾಡೋಕೆ ಎಣ್ಣೆ ದುಡ್ಡಿತ್ತು. ಸಮುದ್ರದಿಂದ ಮುನ್ನೂರು ಚಿಲ್ಲರೆ ಕಿ.ಮೀ. ದೂರ, ಮೂರು ಸಾವಿರ ಅಡಿ ಎತ್ತರದಲ್ಲಿ ಕೂತ ಬೆಂಗಳೂರಿಗೆ ಏನಿದೆ? ಲಾನ್ ಬೇಕೇ ಬೇಕು ಅನ್ನೋರು ಬಳಸಿದ ನೀರನ್ನ ಸೋಸಿ ಹಾಕಲಿ. ಇಲ್ಲಾಂದ್ರೆ ಗರಿಕೆ ಬೆಳೆಸಿ, ಬೇಸಿಗೆ ಎರಡು ತಿಂಗಳು ಅದು ಒಣಗಿದ್ರೆ ಒಣಗಲಿ ಬಿಡಿ. ಮೊದಲ ಮಳೆಗೆ ಅದು ತಾನಾಗೇ ಚಿಗುರುತ್ತೆ. ಬತ್ತಿದ ಚಿಲುಮೆ ಹಾಗಲ್ಲ.