ಗಡಿಗಿಯಿಂದ ಡಿಜೆ ಪೆಟ್ಟಿಗೆಯವರೆಗೆ: ನಮ್ಮ ಕಡೆಯ 'ಬೇಸ್' ಪುರಾಣ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಹೋಗಿ ಬೇಸ್ ಗಿಟಾರ್ ಅಂತ ಕೇಳಿ ನೋಡಿ. "ಅದ್ಯಾವ್ದ್ರೀ?" ಅಂತ ಎದುರು ಪ್ರಶ್ನೆ ಬರೋದೇ ಹೆಚ್ಚು. ಅದೇ ಬೇಸ್ ಬಾಕ್ಸ್ ಅಂತ ಕೇಳಿ... ಶಾಲೆಗೆ ಹೋಗೋ ಹುಡುಗನೂ ಹದಿನೈದು ಇಂಚಿನದೋ ಹದಿನೆಂಟು ಇಂಚಿನದೋ ಅಂತ ಲೆಕ್ಕ ಹೇಳ್ತಾನೆ. ಗಿಟಾರ್ ಬರಲಿಲ್ಲ, ಅದರ ಪೆಟ್ಟಿಗೆ ಮಾತ್ರ ಬಂತು! ಬಡಿಗ್ಯಾರ ಅಂಗಡಿಯಲ್ಲಿ ಬಾಗಿಲು, ಕಿಟಕಿ, ಮಂಚದ ಪಕ್ಕದಲ್ಲೇ ಪ್ಲೈವುಡ್ಡಿನ ಈ ಕರೀ ಪೆಟ್ಟಿಗೆಯೂ ತಯಾರಾಗತೊಡಗಿತು. ಇದು ಹೇಗಾಯ್ತು ಅನ್ನೋದು ನನಗೆ ಬಹಳ ದಿನದಿಂದ ಕೊರೀತಿದ್ದ ಪ್ರಶ್ನೆ. ಇವತ್ತು ಅದನ್ನೇ ಬರೆಯೋಣ ಅಂತ.

ಮೊದಲಿಗೆ ಒಂದು ಮಾತು. ಎದೆಗೆ ಬಡಿಯುವ ಸದ್ದಿನ ಹುಚ್ಚು ನಮಗೆ ಡಿಜೆಯವರು ಹಚ್ಚಿದ್ದಲ್ಲ. ಹಾಲುಮತದವರ ಡೊಳ್ಳು, ಮೊಹರಂ ಹೆಜ್ಜೆಯ ಹಲಗಿ, ಕರಡಿ ಮಜಲಿನ ಕರಡಿ ಇವೆಲ್ಲ ಎದೆಗೇ ಬಡಿಯೋ ವಾದ್ಯಗಳು. ಡೊಳ್ಳನ್ನೇ ನೋಡಿ. ಮರದ ದೊಡ್ಡ ಹೊಟ್ಟೆ, ಎರಡೂ ಕಡೆ ಚರ್ಮ, ನಡುವೆ ಸಿಕ್ಕಿಬಿದ್ದ ಗಾಳಿ. ಒಂದು ಕಡೆ ಬಡಿದರೆ ಒಳಗಿನ ಗಾಳಿ ಇನ್ನೊಂದು ಕಡೆಯ ಚರ್ಮವನ್ನು ತಳ್ಳುತ್ತೆ. ಅಂದರೆ ಪೆಟ್ಟಿಗೆಯೊಳಗೆ ಗಾಳಿ ಹಿಡಿದಿಟ್ಟು ಕೆಳದನಿ ಹುಟ್ಟಿಸೋ ವಿದ್ಯೆ ನಮ್ಮ ಮರಗೆಲಸದವರಿಗೆ, ಚರ್ಮಗೆಲಸದವರಿಗೆ ಮೊದಲಿಂದ ಗೊತ್ತಿತ್ತು. ಕರೆಂಟು ಬಂದಿದ್ದು ಆಮೇಲೆ.

ಹಾಗಂತ ನಮ್ಮಲ್ಲಿ ಸಣ್ಣ ಸದ್ದಿನ ಜಾಣತನವೂ ಇತ್ತು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಗೋಲಗುಂಬಜಿನಲ್ಲಿ ಒಂದು ಕಡೆ ಪಿಸುಗುಟ್ಟಿದ್ದು ಗುಮ್ಮಟದ ಆಚೆ ಬದಿಗೆ ಕೇಳಿಸುತ್ತೆ. ಒಂದು ವ್ಯಾಟ್ ಕರೆಂಟೂ ಬೇಕಿಲ್ಲ! ಕಂಪನಿ ನಾಟಕದ ಹಳೇ ನಟರು ಮೈಕಿಲ್ಲದೆ ಕೊನೇ ಸಾಲಿನವನಿಗೂ ಕೇಳೋ ಹಾಗೆ ಕಂದ ಹಾಡ್ತಿದ್ದರು. ಗೀಗೀ ಮೇಳದವರು ದಪ್ಪು, ತುಂತುಣಿ, ತಾಳ ಇಷ್ಟರಲ್ಲೇ ರಾತ್ರಿ ಬೆಳಗು ಮಾಡ್ತಿದ್ದರು.

ಇನ್ನು ಯಂತ್ರದ ಕಥೆ. ಜೆನ್ಸನ್ ಮತ್ತು ಪ್ರಿಡಂ ಎಂಬಿಬ್ಬರು 1915ರಲ್ಲಿ ಅಮೆರಿಕದಲ್ಲಿ ದೊಡ್ಡ ಗುಂಪಿಗೆ ಕೇಳುವ ಹಾಗೆ ಧ್ವನಿವರ್ಧಕವನ್ನು ನಡೆಸಿ ತೋರಿಸಿದರು. 1925ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಇಂದಿಗೂ ನಾವು ಬಳಸ್ತಿರೋ ಕಾಗದದ ಶಂಕುವಿನ ಸ್ಪೀಕರಿನ ಬಗ್ಗೆ ಪ್ರಬಂಧ ಬರೆದರು. ನಮ್ಮ ದೇಶದಲ್ಲಿ 1930ರ ದಶಕದಿಂದಲೇ ಮೋಟ್ವಾನಿ ಮನೆತನದ 'ಶಿಕಾಗೋ ರೇಡಿಯೋ' (ಹೆಸರು ಮಾತ್ರ ಶಿಕಾಗೋ, ಕಂಪನಿ ನಮ್ಮದೇ!) ಕಾಂಗ್ರೆಸ್ಸಿನ ಸಭೆಗಳಿಗೆ ಧ್ವನಿವರ್ಧಕ ಒದಗಿಸುತ್ತಿತ್ತು. 1940ರಲ್ಲಿ ದೆಹಲಿಯ ಅಹುಜಾ ಶುರುವಾಯ್ತು. ಅಹುಜಾ ಹೆಸರು ಓದಿದ ಕೂಡಲೇ ನಿಮ್ಮ ಕಿವಿಯಲ್ಲಿ "ಹಲೋ ಹಲೋ ಮೈಕ್ ಟೆಸ್ಟಿಂಗ್" ಕೇಳಿಸಿದ್ರೆ ನೀವು ನಮ್ಮ ಕಡೆಯವರೇ ಬಿಡಿ :)

ಮೈಕ್ ಸೆಟ್ಟಿನ ಆ ತುತ್ತೂರಿ ಬಾಯಿಗೆ ಒಂದು ಗುಣ, ಒಂದು ಕೊರತೆ. ಮಾತನ್ನು ಮೂರು ಹೊಲ ದಾಟಿಸುತ್ತೆ, ಆದ್ರೆ ತಬಲಾದ ಎಡಗೈ ಸದ್ದನ್ನು ನುಂಗಿಹಾಕುತ್ತೆ. ಕಾರಣ ಸರಳ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ನಡುಗುತ್ತೆ. ಸದ್ದು ಸೆಕೆಂಡಿಗೆ 343 ಮೀಟರ್ ಓಡುತ್ತೆ ಅಂತಿಟ್ಕೊಂಡ್ರೆ ಆ ಒಂದು ಅಲೆಯ ಉದ್ದ 8.3 ಮೀಟರ್. ಅಂಥ ಅಲೆಯನ್ನು ತುತ್ತೂರಿಯಿಂದ ಚೆನ್ನಾಗಿ ಹೊರಡಿಸಬೇಕಾದ್ರೆ ಬಾಯಿಯ ಸುತ್ತಳತೆ ಹೆಚ್ಚುಕಮ್ಮಿ ಅಷ್ಟೇ ಇರಬೇಕು. ಅಂದ್ರೆ ಎಂಟೂವರೆ ಅಡಿ ಅಗಲದ ಬಾಯಿ! ಗುಡಿ ಮೇಲೆ ಕಟ್ಟೋಕಾಗುತ್ತಾ?

ಹಾಗಾದ್ರೆ ಶಂಕುವಿನ ಸ್ಪೀಕರ್ ಬಂದರೆ ಸಾಕಲ್ಲ ಅಂತೀರಾ? ಅದಕ್ಕೂ ಒಂದು ತೊಂದರೆ. ಶಂಕು ಮುಂದೆ ಬಂದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತೆ, ಅದೇ ಹೊತ್ತಿಗೆ ಹಿಂದಿನ ಗಾಳಿ ಸಡಿಲವಾಗುತ್ತೆ. ಸ್ಪೀಕರನ್ನು ಬರಿದೇ ಟೇಬಲ್ ಮೇಲೆ ಇಟ್ಟು ಹಾಡು ಹಚ್ಚಿದ್ರೆ ಮುಂದಿನ ಗಾಳಿ ಸುತ್ತಿ ಹಿಂದಕ್ಕೆ ಹೋಗಿ ಎರಡೂ ವಜಾ ಆಗಿಬಿಡ್ತವೆ. ಮೇಲಿನ ದನಿಗಳಿಗೆ ಅಲೆ ಗಿಡ್ಡ, ಹಾಗಾಗಿ ಅವಕ್ಕೆ ಅಷ್ಟು ಪೆಟ್ಟಿಲ್ಲ. ಕೆಳದನಿ ಮಾತ್ರ ಸತ್ತೇ ಹೋಗುತ್ತೆ. ಮುಂದಿನ ಗಾಳಿಗೂ ಹಿಂದಿನ ಗಾಳಿಗೂ ನಡುವೆ ಗೋಡೆ ಬೇಕು. ಪೆಟ್ಟಿಗೆ ಹುಟ್ಟಿದ್ದು ಇದಕ್ಕೆ.

ಇಲ್ಲೇ ನಮ್ಮ ಗಡಿಗಿ ಬರೋದು. ಟೇಪ್‌ರೆಕಾರ್ಡರ್ ಕಾಲದಲ್ಲಿ ಖಾಲಿ ಗಡಿಗಿಯ ಬಾಯಿಗೆ ಸ್ಪೀಕರ್ ಕೂರಿಸಿ ಹಾಡು ಕೇಳೋ ಉಪಾಯವನ್ನು ಹಳ್ಳಿಗಳಲ್ಲಿ ನೋಡಿದವರು ಬಹಳ ಜನ ಇದ್ದೀರಿ. ನಗಬೇಡಿ, ಅದು ಶುದ್ಧ ವಿಜ್ಞಾನ. ಗಡಿಗಿಯ ಹೊಟ್ಟೆ ಹಿಂದಿನ ಗಾಳಿಯನ್ನು ಬಂಧಿಸಿಡುತ್ತೆ. ದುಂಡಗಿರೋದ್ರಿಂದ ಬಿಗಿಯಾಗಿರುತ್ತೆ, ತಾನೇ ನಡುಗಿ ಗದ್ದಲ ಮಾಡೋದು ಕಡಿಮೆ. ಒಳಗೆ ಎದುರುಬದುರು ಸಮ ಗೋಡೆಗಳಿಲ್ಲ, ಹಾಗಾಗಿ ಸದ್ದು ಒಂದೇ ದಾರಿಯಲ್ಲಿ ಹಿಂದೆ ಮುಂದೆ ಪುಟಿಯೋದೂ ಕಡಿಮೆ. ಕುಂಬಾರಣ್ಣ ನೀರಿಗೆ ಅಂತ ಮಾಡಿದ್ದು ಸದ್ದಿಗೂ ಒದಗಿತು.

ಅದೇ ಗಡಿಗಿಗೆ ಇನ್ನೊಂದು ಬಾಯಿ ಇಟ್ಟರೆ? ಖಾಲಿ ಬಾಟಲಿಯ ಬಾಯಿಗೆ ಊದಿದರೆ 'ಬೂಂ' ಅನ್ನುತ್ತಲ್ಲ, ಅದನ್ನು 19ನೇ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಲೆಕ್ಕಕ್ಕೆ ಹಚ್ಚಿದ. ಹೊಟ್ಟೆಯ ಗಾಳಿ ಸ್ಪ್ರಿಂಗ್, ಕುತ್ತಿಗೆಯ ಗಾಳಿ ಆ ಸ್ಪ್ರಿಂಗಿಗೆ ಕಟ್ಟಿದ ಭಾರ. ಬೆಲ್ ಲ್ಯಾಬ್ಸಿನ ಆಲ್ಬರ್ಟ್ ಥುರಾಸ್ ಈ ಗುಣವನ್ನೇ ಸ್ಪೀಕರ್ ಪೆಟ್ಟಿಗೆಗೆ ಅಳವಡಿಸಿ 1932ರಲ್ಲಿ ಪೇಟೆಂಟ್ ಪಡೆದ. ವ್ಯರ್ಥವಾಗ್ತಿದ್ದ ಹಿಂದಿನ ಸದ್ದು ತೂತಿನಿಂದ ಮುಂದಿನ ಸದ್ದಿಗೆ ಜೊತೆಯಾಗಿ ಹೊರಬಂತು. ಡಿಜೆ ಬಾಕ್ಸಿನ ಮುಂಭಾಗದಲ್ಲಿ ಕಾಣೋ ತೂತು ಅಲಂಕಾರಕ್ಕಲ್ಲ, ಅದು ಥುರಾಸನ ತೂತು.

ಬೇಸ್ ಗಿಟಾರಿನವರ ಕಥೆಯೂ ಇದೇ ಹಾದಿ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಶನ್ ಬೇಸ್ ಗಿಟಾರ್ ತಂದ. ಅದಕ್ಕೆ ತಕ್ಕ ಸ್ಪೀಕರ್ ಬೇಕಲ್ಲ? 1952ರಲ್ಲಿ ಹದಿನೈದು ಇಂಚಿನ ಒಂದು ಸ್ಪೀಕರ್ ಹಾಕಿ 'ಬೇಸ್‌ಮನ್' ಆಂಪ್ಲಿಫೈಯರ್ ಮಾಡಿದ. 1969ರಲ್ಲಿ ಆಂಪೆಗ್ ಕಂಪನಿ 300 ವ್ಯಾಟಿನ ಆಂಪ್ಲಿಫೈಯರಿಗೆ ಹತ್ತು ಇಂಚಿನ ಎಂಟು ಸ್ಪೀಕರುಗಳ ಎತ್ತರದ ಪೆಟ್ಟಿಗೆಯನ್ನು ಜೊತೆಮಾಡಿತು.

ಆದ್ರೆ ಮನೆಯಲ್ಲಿ ಪೆಟ್ಟಿಗೆ ಮಾಡಿಕೊಳ್ಳೋ ಸಾಮಾನ್ಯನಿಗೆ ನಿಜವಾದ ಉಪಕಾರ ಮಾಡಿದ್ದು ಆಸ್ಟ್ರೇಲಿಯಾದ ನೆವಿಲ್ ಥೀಲ್. ಯಾವ ಸ್ಪೀಕರಿಗೆ ಎಷ್ಟು ದೊಡ್ಡ ಪೆಟ್ಟಿಗೆ, ಎಷ್ಟು ಉದ್ದದ ಕೊಳವೆ ಅನ್ನೋದನ್ನು 1961ರಲ್ಲಿ ಲೆಕ್ಕ ಹಾಕಿ ಕೋಷ್ಟಕ ಮಾಡಿ ಕೊಟ್ಟ. ಅದು ಜಗತ್ತಿನ ಕಣ್ಣಿಗೆ ಚೆನ್ನಾಗಿ ಬಿದ್ದಿದ್ದು 1971ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಮರುಮುದ್ರಣವಾದಾಗ. ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿದ. ಈಗ ಒಳ್ಳೇ ಸ್ಪೀಕರಿನ ಜೊತೆ ಬರೋ ಚೀಟಿಯಲ್ಲಿ ಥೀಲ್-ಸ್ಮಾಲ್ ಅಂಕಿಗಳು ಇರುತ್ತವೆ.

ಒಂದು ಉದಾಹರಣೆ ಕೊಡ್ತೀನಿ. ಒಳಗಡೆ 100 ಲೀಟರ್ ಗಾಳಿ ಹಿಡಿಯೋ ಪೆಟ್ಟಿಗೆಗೆ 10 ಸೆಂ.ಮೀ. ಅಗಲದ, ಸುಮಾರು 12.5 ಸೆಂ.ಮೀ. ಉದ್ದದ ಪಿವಿಸಿ ಕೊಳವೆ ಹಾಕಿದರೆ ಅದು 34 ಹರ್ಟ್ಸ್ ಆಸುಪಾಸಿನಲ್ಲಿ ದನಿ ಕೊಡುತ್ತೆ. ಕೊಳವೆ ಗಿಡ್ಡ ಮಾಡಿದ್ರೆ ದನಿ ಮೇಲೇರುತ್ತೆ, ಉದ್ದ ಮಾಡಿದ್ರೆ ಇಳಿಯುತ್ತೆ. ಹಾಗಂತ ಇದೇ ಅಳತೆ ಎಲ್ಲ ಸ್ಪೀಕರಿಗೂ ಅಲ್ಲ. ಸ್ಪೀಕರ್ ಬದಲಾದರೆ ಪೆಟ್ಟಿಗೆಯೂ ಬದಲಾಗಬೇಕು. ಎದುರಿನ ಅಂಗಡಿಯ ಪೆಟ್ಟಿಗೆ ನೋಡಿ ಅದೇ ಅಳತೆಗೆ ಪ್ಲೈವುಡ್ ಕೊಯ್ದು, ಸಿಕ್ಕಲ್ಲಿ ತೂತು ಕೊರೆದರೆ ಬರೋದು ಬೇಸ್ ಅಲ್ಲ, ಬರೀ ಬೊಬ್ಬೆ.

ಇನ್ನೊಂದು ಸ್ವಾರಸ್ಯ. ಪೆಟ್ಟಿಗೆಯೊಳಗೆ ತುಂಬೋಕೆ ಏನು ಒಳ್ಳೇದು ಅಂತ ಬ್ರಿಟನ್ನಿನ ಬ್ರಾಡ್‌ಫರ್ಡಿನ ಎ.ಆರ್. ಬೇಲಿ 1965ರಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಬರೆದ. ಅವನು ಆರಿಸಿದ್ದೇನು ಗೊತ್ತೇ? ಉದ್ದ ಎಳೆಯ ಕುರಿ ಉಣ್ಣೆ! ಡೊಳ್ಳು ಬಾರಿಸೋರು ನಮ್ಮ ಕುರುಬರು, ಕಂಬಳಿ ನೇಯೋರೂ ಅವರೇ. ಎಲ್ಲಿಯ ಬ್ರಾಡ್‌ಫರ್ಡ್, ಎಲ್ಲಿಯ ಸಿಂದಗಿ...

ಈಗ ಕಹಿ ವಿಷಯಕ್ಕೆ ಬರೋಣ.

ಪೆಟ್ಟಿಗೆ ಬಂತು, ಪೆಟ್ಟಿಗೆಯ ಲೆಕ್ಕ ಬರಲಿಲ್ಲ. ಬೇಸ್ ಸಾಲದು ಅನ್ನಿಸಿದಾಗ ಅಳತೆ ಸರಿಮಾಡೋ ಬದಲು ಇನ್ನೊಂದು ಪೆಟ್ಟಿಗೆ, ಇನ್ನೊಂದು ಆಂಪ್ಲಿಫೈಯರ್ ಪೇರಿಸೋದು ರೂಢಿಯಾಯ್ತು. ವ್ಯಾಟ್ ದುಪ್ಪಟ್ಟು ಮಾಡಿದರೆ ಸಿಗೋದು ಬರೀ 3 ಡೆಸಿಬಲ್. ಕಿವಿಗೆ ಅದು "ಸ್ವಲ್ಪ ಜಾಸ್ತಿಯಾಯ್ತು" ಅನ್ನೋ ಅಷ್ಟೇ. ಆದ್ರೆ ಆ ಸ್ವಲ್ಪ ಕಿವಿಯ ಆಯುಷ್ಯಕ್ಕೆ ಸ್ವಲ್ಪ ಅಲ್ಲ. ಕಾರ್ಖಾನೆ ಕೆಲಸಗಾರರಿಗಾಗಿ ಅಮೆರಿಕದ ತಜ್ಞರು ಹಾಕಿರೋ ಲೆಕ್ಕದಲ್ಲಿ 85 ಡೆಸಿಬಲ್ಲಿಗೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ಲಿಗೆ ಆ ಹೊತ್ತು ಅರ್ಧವಾಗುತ್ತೆ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆ ಹಾಕಿಕೊಟ್ಟ ಗರಿಷ್ಠ ಮಿತಿಯೂ ಸರಾಸರಿ 100 ಡೆಸಿಬಲ್ಲೇ. ಒಳಕಿವಿಯ ಸೂಕ್ಷ್ಮ ಕೂದಲ ಕೋಶಗಳು ಒಮ್ಮೆ ಸತ್ತರೆ ಮನುಷ್ಯನಿಗೆ ಮತ್ತೆ ಹುಟ್ಟೋದಿಲ್ಲ. ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಹಿಂದೆ, ಪೆಟ್ಟಿಗೆಗೆ ಅಂಟಿಕೊಂಡೇ ಕುಣಿಯೋ ಹುಡುಗರನ್ನು ನೋಡಿದಾಗೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತೆ. ಅವರಿಗಿಂತ ಹೆಚ್ಚು ಹೊತ್ತು ಅಲ್ಲಿರೋನು ಆಪರೇಟರ್ ಹುಡುಗ. ಅವನ ಹೊಟ್ಟೆಪಾಡೂ ಕಿವಿಯೇ, ಹೋಗೋದೂ ಕಿವಿಯೇ.

ಕಾನೂನು ಇಲ್ಲವೇ? ಇದೆ. ಶಬ್ದ ಮಾಲಿನ್ಯ ನಿಯಮಗಳು 2000ದಲ್ಲೇ ಬಂದವು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬೇಡ ಅಂತ ಇದೆ. ಹಬ್ಬಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ರಾಜ್ಯ ಸರಕಾರ ಸಡಿಲಿಕೆ ಕೊಡಬಹುದು. 2005ರ ಜುಲೈ 18ರಂದು ಸುಪ್ರೀಂ ಕೋರ್ಟು ಈ ಬಗ್ಗೆ ದೊಡ್ಡ ತೀರ್ಪನ್ನೇ ಕೊಟ್ಟಿತು. ಆದ್ರೆ ಕೆಳದನಿಯ ಸ್ವಭಾವವೇ ಬೇರೆ. ಅದು ಗೋಡೆಯನ್ನು ಕೇಳೋದಿಲ್ಲ, ಕಿಟಕಿ ಮುಚ್ಚಿದರೂ ಒಳಗೆ ಬರುತ್ತೆ, ಪಾತ್ರೆ ಅಲುಗಾಡಿಸುತ್ತೆ. ಒಳಗೆ ಹಸುಗೂಸು, ಹೃದಯದ ಕಾಯಿಲೆಯ ಅಜ್ಜ ಇರ್ತಾರೆ.

ಹಾಗಾದ್ರೆ ಪೆಟ್ಟಿಗೆ ಮಾಡೋರನ್ನೇ ಬೈಯೋಣವೇ? ನನಗೆ ಹಾಗನ್ನಿಸೋದಿಲ್ಲ. ಹೊರಗಿಂದ ಬರೋ ಸಿದ್ಧ ಪೆಟ್ಟಿಗೆಯ ಬೆಲೆ ಕೊಡಲಾಗದ ಊರಲ್ಲಿ 18 ಮಿ.ಮೀ. ಪ್ಲೈವುಡ್, ಫೆವಿಕಾಲ್, ಸ್ಕ್ರೂಗಳಲ್ಲಿ ತಾವೇ ಮಾಡಿ ನಿಲ್ಲಿಸಿದ ಕೈಗಳು ಅವು. ಕೈಗೆ ಕಸುಬು ಇದೆ, ಲೆಕ್ಕ ಕೈಗೆ ಸಿಗಬೇಕು. ಸರಿಯಾದ ಪೆಟ್ಟಿಗೆ ಕಡಿಮೆ ವ್ಯಾಟಿನಲ್ಲಿ ಹೆಚ್ಚು ಇಂಪು ಕೊಡುತ್ತೆ. ಡೀಸೆಲ್ ಉಳಿಯುತ್ತೆ, ಸ್ಪೀಕರ್ ಸುಡೋದು ತಪ್ಪುತ್ತೆ, ಕಿವಿಯೂ ಉಳಿಯುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ಶ್ರಾವಣದಲ್ಲಿ ಬಾಗೇವಾಡಿಯ ಮೂಲನಂದೀಶ್ವರ ಜಾತ್ರೆಗೆ ಡೊಳ್ಳಿನವರು ಬಂದರೆ ಅವರ ಡೊಳ್ಳೂ ನಮಗೆ ಕೇಳಿಸುತ್ತೆ. ಡಿಜೆ ಗೋಡೆಯ ಎದುರು ಡೊಳ್ಳು ಸೋಲೋದು ಕಲೆಯಲ್ಲಿ ಅಲ್ಲ, ವ್ಯಾಟಿನಲ್ಲಿ.

ಥೀಲನ ಲೆಕ್ಕ ಗಣಿತ ಬಲ್ಲ ಹತ್ತನೇ ತರಗತಿಯ ಹುಡುಗನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದರೆ ತಿಳಿಯದಷ್ಟು ಕಷ್ಟದ್ದೇನಲ್ಲ. ನಮ್ಮಲ್ಲಿ ಇಂಜಿನಿಯರುಗಳೂ ಇದ್ದೀರಿ, ಮೇಷ್ಟ್ರುಗಳೂ ಇದ್ದೀರಿ. ಕಥೆ ಕವನಗಳ ನಡುವೆ ಒಂದು ವಾರ ಇದಕ್ಕೂ ಇರಲಿ. ಬಡಿಗ್ಯಾರ ಅಣ್ಣ ಮೊಬೈಲಿನಲ್ಲಿ ತೆರೆದು ಓದಿ, ಪಟ್ಟಿ ಹಿಡಿದು ಅಳತೆ ಗುರುತು ಹಾಕುವಂಥದ್ದು. ಏನಂತೀರಿ, ಯಾರು ಶುರು ಮಾಡ್ತೀರಿ?