ಕಪಾಟಿನಲ್ಲಿ ಉಳಿದ ಕೋವಿ: ಕಾಸರಗೋಡಿನ ಒಂದು ಓದು

ಸಾಹಿತ್ಯದ ವಿದ್ಯಾರ್ಥಿಗೆ ಕೋವಿ ಯಾಕೆ ಅಂತ ನೀವು ಕೇಳಬಹುದು. ಶಾಸನ ಓದುವವರಿಗೆ ಕಲ್ಲು ಹೇಗೋ, ಗಡಿನಾಡಿನ ಮನೆಗಳ ಚರಿತ್ರೆ ಓದುವವರಿಗೆ ಹಳೆಯ ಕೋವಿಯೂ ಹಾಗೇ ಅಂತ ನನಗೆ ಅನಿಸುತ್ತದೆ. ಅದರ ಮೈಮೇಲೂ ಬರಹ ಇದೆ, ಜೊತೆಗಿರುವ ಲೈಸೆನ್ಸಿನಲ್ಲೂ ಇದೆ.

ಮೊದಲು ಮೈಮೇಲಿನ ಬರಹ. ನಮ್ಮ ಕಡೆಯ ಒಂದು ಕೋವಿ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಕೋವಿಗಳದ್ದೇ ಒಂದು ಕಪಾಟು ಇದೆ. ಮೂಲೆಯಲ್ಲಿ ಕೇಪಿನ ಕೋವಿಗಳು, ಅಂದರೆ ಬಾಯಿಂದ ಮದ್ದು ತುಂಬುವಂಥವು. ಪಕ್ಕದಲ್ಲಿ ಹೊರಗೆ ಎರಡು ಕುದುರೆ ಇರುವ ಒಂದು ಜೋಡುನಳಿಗೆ. ನಳಿಗೆಯ ಮೇಲೆ ಹಾವಿನ ಪೊರೆಯ ಹಾಗೆ ಗೆರೆಗಳು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸೇರಿಸಿ, ತಿರುಚಿ, ಸುತ್ತಿ ಬಡಿದ ಡಮಾಸ್ಕಸ್ ನಳಿಗೆ ಅದು. ಅಡಿಯಲ್ಲಿ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆ, ಜೊತೆಗೆ ‘ನಾಟ್ ಫಾರ್ ಬಾಲ್’. ಬಾಯಿ ಕಿರಿದಾದ ನಳಿಗೆ, ಇದರಲ್ಲಿ ಒಂಟಿ ಗುಂಡು ಹಾಕಬೇಡಿ ಅಂತ ಅರ್ಥ. ಈ ಮಾತು ಹೊಡೆಯುತ್ತಿದ್ದದ್ದು 1875ರಿಂದ 1887ರವರೆಗೆ ಮಾತ್ರ. ಎರಡೇ ನಿಮಿಷದಲ್ಲಿ ಕೋವಿಯ ವಯಸ್ಸು ಸಿಕ್ಕಿತು! ನಮ್ಮ ಹಸ್ತಪ್ರತಿಗಳೂ ಇಷ್ಟು ಸುಲಭವಾಗಿ ಕಾಲ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಇಷ್ಟು ಅಪರೂಪದ್ದು ಅಗ್ಗಕ್ಕೆ ಯಾಕೆ ಸಿಗುತ್ತದೆ? ಒಂದು ಕಾರಣ ಸರಳ. ಅದು ಕರಿಮದ್ದಿನ ಕಾಲದ ನಳಿಗೆ, ಇವತ್ತಿನ ತೋಟೆಯ ಒತ್ತಡಕ್ಕೆ ನಂಬುವಂಥದ್ದಲ್ಲ. ಅದೇ ಕಪಾಟಿನ ಗಟ್ಟಿಮುಟ್ಟಾದ ಇಂಗ್ಲಿಷ್ 12 ಬೋರಿಗೆ ಮಾತ್ರ ಬೆಲೆ ಏರಿಯೇ ಇದೆ, ಯಾಕೆಂದರೆ 1980ರ ದಶಕದಿಂದೀಚೆ ಹೊರದೇಶದ ಕೋವಿ ಬರುವುದು ಹೆಚ್ಚುಕಡಿಮೆ ನಿಂತಿದೆ.

ಆದರೆ ಏನೂ ಕೆಡದ ಕೋವಿಗಳೂ ಅಲ್ಲಿ ಅಗ್ಗವಾಗಿ ಕೂತಿರುತ್ತವೆ. ಅಲ್ಲಿ ಹಳತಾದದ್ದು ಕೋವಿಯಲ್ಲ, ಕಾಗದ. 1878ರ ಆಯುಧ ಕಾಯ್ದೆ ಲೈಸೆನ್ಸನ್ನು ಕಡ್ಡಾಯ ಮಾಡಿದಾಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಜಿಲ್ಲಾ ಕಚೇರಿ ಮಂಗಳೂರು. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿದೆವು, 1957ರಲ್ಲಿ ಕಣ್ಣೂರು ಜಿಲ್ಲೆ, 1984ರಲ್ಲಿ ನಮ್ಮದೇ ಜಿಲ್ಲೆ. ಅಡಿಕೆ ತೋಟದ ಮನೆಯಲ್ಲಿ ಕೋವಿ ಅದೇ ಗೂಟದಲ್ಲಿ ನೇತಾಡುತ್ತಿತ್ತು, ಅದರ ಕಡತ ಮಾತ್ರ ಊರೂರು ಅಲೆಯಿತು, ಕಚೇರಿಯ ಭಾಷೆಯೂ ಬದಲಾಯಿತು. ಪಾಣತ್ತೂರಿನಿಂದ ಬೆಟ್ಟ ಹತ್ತಿದರೆ ಕೊಡಗು. ಅಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಇಳಿದು ಬಂದರೆ ನಮಗೆ ಆ ಮಾತೇ ಇಲ್ಲ.

2016ರ ನಿಯಮದ ಪ್ರಕಾರ ಲೈಸೆನ್ಸ್ ಇದ್ದವರು ತೀರಿಕೊಂಡರೆ, ಅಥವಾ 70 ತುಂಬಿದರೆ, ಅಥವಾ 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ವಾರಸುದಾರರು ತಮ್ಮ ಹೆಸರಿಗೆ ಕೇಳಬಹುದು. ಕೇಳುವವರು ಯಾರು? ಮಗ ಬೆಂಗಳೂರಿನಲ್ಲಿ, ಮಗಳು ದುಬೈಯಲ್ಲಿ. ಪೊಲೀಸ್ ವರದಿಗೆ ಊರಿಗೆ ಬರಲಿಕ್ಕೆ ಪುರುಸೊತ್ತಿಲ್ಲ. ಆಗ ಅಜ್ಜನ ಕೋವಿ ಠಾಣೆಗೋ ಡೀಲರ್ ಹತ್ತಿರಕ್ಕೋ ಹೋಗುತ್ತದೆ. ಒಬ್ಬರಿಗೆ ಮೂರು ಅಂತ ಇದ್ದದ್ದನ್ನು 2019ರ ತಿದ್ದುಪಡಿ ಎರಡಕ್ಕೆ ಇಳಿಸಿದಾಗ ಮೂರನೆಯದೂ ಅಲ್ಲಿಗೇ ಹೋಗಬೇಕಾಯಿತು. ಕೊಳ್ಳಲಿಕ್ಕೂ ಲೈಸೆನ್ಸ್ ಬೇಕಲ್ಲ, ಹಾಗಾಗಿ ಗಿರಾಕಿ ಕಡಿಮೆ, ಬೆಲೆ ಇಳಿಯುತ್ತದೆ. ಆ ಚೀಟಿಯ ಬೆಲೆಯನ್ನು ಒಂದು ಮನೆ ಬಾಗಿಲು ಹಾಕಿದ್ದರ ಲೆಕ್ಕ ಅಂತಲೇ ನಾನು ಓದುತ್ತೇನೆ.

ಇದರಲ್ಲಿ ಒಂದು ವಿಚಿತ್ರ ಇದೆ. 2022ರಲ್ಲಿ ಕೇರಳ ಸರ್ಕಾರ ಬೆಳೆ ಹಾಳು ಮಾಡುವ ಕಾಡುಹಂದಿಗೆ ಗುಂಡು ಹಾರಿಸಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತಿಗಳಿಗೆ ಕೊಟ್ಟಿತು. ಅದಕ್ಕೆ ಲೈಸೆನ್ಸ್ ಇರುವ ಈಡುಗಾರ ಬೇಕು. ಹಂದಿ ತೋಟದಲ್ಲಿ, ಕೋವಿ ಅಂಗಡಿಯಲ್ಲಿ, ಹೊಡೆಯಬೇಕಾದವ ಬೆಂಗಳೂರಿನಲ್ಲಿ.

ಕೋವಿ ಮಾರಿ ಹೋದರೆ ಹೋಗಲಿ. ನಿಮ್ಮ ಮನೆಯಲ್ಲಿ 1956ಕ್ಕಿಂತ ಹಿಂದಿನ ಲೈಸೆನ್ಸ್, ರಶೀದಿ ಏನಾದರೂ ಇದ್ದರೆ ಒಪ್ಪಿಸುವ ಮೊದಲು ಒಂದು ಫೋಟೋ ತೆಗೆದಿಡಿ. ನಮಗೂ ಕಳಿಸಿ.