ಪಟ್ಟ ಕಟ್ಟಿದವರು ಯಾರು?

ರಾಜನ ಮಗನೇ ರಾಜ ಎಂಬುದು ಕಥೆ ಕೇಳುತ್ತ ಬೆಳೆದ ನಮಗೆಲ್ಲ ಗೊತ್ತಿರುವ ಮಾತು. ನಾರಾಯಣಪೇಟೆ, ಮಖ್ತಲ್, ಗದ್ವಾಲ ಸೀಮೆಯ ಚರಿತ್ರೆ ಅಷ್ಟು ಸರಳವಾಗಿಲ್ಲ. ಈ ಭಾಗವನ್ನು ಆಳಿದ ಮನೆತನಗಳಲ್ಲಿ ಪಟ್ಟಕ್ಕೆ ಹುಟ್ಟಿನ ಜೊತೆಗೆ ಇತರರ ಒಪ್ಪಿಗೆಯೂ ಬೇಕಾಗುತ್ತಿತ್ತು. ಆ ಒಪ್ಪಿಗೆ ಯಾರ ಕೈಯಲ್ಲಿತ್ತು ಎಂಬುದೇ ಇಲ್ಲಿನ ರಾಜಕೀಯದ ಒಳಕಥೆ.

ಮೊದಲ ದೊಡ್ಡ ನಿದರ್ಶನ ನಾರಾಯಣಪೇಟೆಗೆ ಹತ್ತಿರದ ಕಲಬುರಗಿ ಜಿಲ್ಲೆಯಲ್ಲಿ, ಕಾಗಿಣಾ ನದಿ ದಂಡೆಯ ಮಳಖೇಡದಲ್ಲಿ ಸಿಗುತ್ತದೆ. ಸುಮಾರು 935ರಲ್ಲಿ ರಾಷ್ಟ್ರಕೂಟ ನಾಲ್ಕನೆಯ ಗೋವಿಂದನ ಆಳ್ವಿಕೆಗೆ ಸಾಮಂತರು ಬೇಸತ್ತರು. ಅವರು ಮುಂದೆ ತಂದದ್ದು ಅವನ ಚಿಕ್ಕಪ್ಪ ಬದ್ದೆಗನನ್ನು. ಸಾಮಂತರ ಬಿನ್ನಹಕ್ಕೆ ಓಗೊಟ್ಟು ಬದ್ದೆಗ ಪಟ್ಟವೇರಿದನೆಂದು 940ರ ದೇವಳಿ ತಾಮ್ರಪಟ ಹೇಳುತ್ತದೆ. ಇದರಲ್ಲಿ ವೇಮುಲವಾಡದ ಸಾಮಂತ ಅರಿಕೇಸರಿಯ ಪಾಲು ದೊಡ್ಡದು. ಅವನ ಆಸ್ಥಾನದ ಪಂಪ ತನ್ನ ಒಡೆಯನ ಈ ಸಾಹಸವನ್ನು ಕಾವ್ಯದಲ್ಲೇ ದಾಖಲಿಸಿದ್ದಾನೆ.

ನಾಲ್ಕು ಶತಮಾನಗಳ ಬಳಿಕ ಇದೇ ಪ್ರಶ್ನೆ ಅಮೀರರ ಮುಂದೆ ಬಂತು. ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ದಖ್ಖನಿನ ಅಮೀರರು ದೌಲತಾಬಾದಿನಲ್ಲಿ ಇಸ್ಮಾಯಿಲ್ ಮುಖ್ ಎಂಬ ಹಿರಿಯನನ್ನು ಸುಲ್ತಾನನೆಂದು ಆರಿಸಿದರು. 1347ರಲ್ಲಿ ಇಸ್ಮಾಯಿಲ್ ತಾನೇ ಹಿಂದೆ ಸರಿದು ಹಸನ ಎಂಬ ಅಮೀರನಿಗೆ ಗದ್ದುಗೆ ಬಿಟ್ಟುಕೊಟ್ಟ. ಕಲಬುರಗಿಯ ಬಹಮನಿ ರಾಜ್ಯ ಹುಟ್ಟಿದ್ದು ಹೀಗೆ. ಆದರೆ ಆರಿಸುವವರು ಯಾರು, ಎಷ್ಟು ಮಂದಿ ಒಪ್ಪಬೇಕು ಎಂಬ ಕಟ್ಟಳೆಯನ್ನು ಅವರು ಬರೆದಿಡಲಿಲ್ಲ. ಅದರ ಬೆಲೆ 1397ರಲ್ಲಿ ತಿಳಿಯಿತು. ಆ ಒಂದೇ ವರ್ಷ ಗದ್ದುಗೆ ನಾಲ್ವರನ್ನು ಕಂಡಿತು. ತಘಲ್‌ಚಿನ್ ಎಂಬ ಅಮೀರ ಎಳೆಯ ಸುಲ್ತಾನ ಗಿಯಾಸುದ್ದೀನನ ಕಣ್ಣು ಕೀಳಿಸಿದ. ಕೊನೆಗೆ ಫಿರೋಜ್ ಪಟ್ಟಕ್ಕೆ ಬಂದ.

ಅದೇ ಕಾಲದ ಜರ್ಮನಿಯಲ್ಲಿ ನಡೆದದ್ದು ಬೇರೆ. 1356ರ ಸುವರ್ಣ ಮುದ್ರೆಯ ಶಾಸನ ಅರಸನನ್ನು ಆರಿಸುವ ಹಕ್ಕನ್ನು ಏಳು ಮಂದಿಗೆ ಕೊಟ್ಟಿತು. ನಾಲ್ವರು ಒಪ್ಪಿದರೆ ಆಯ್ಕೆ ಆದಂತೆ. 30 ದಿನಗಳಲ್ಲಿ ತೀರ್ಮಾನಕ್ಕೆ ಬಾರದಿದ್ದರೆ ಅಲ್ಲಿಂದಾಚೆ ಅವರಿಗೆ ಬರೀ ರೊಟ್ಟಿ, ನೀರು. ಇಂದಿನ ಮಲೇಷ್ಯಾದಲ್ಲಿ ಒಂಬತ್ತು ವಂಶಪಾರಂಪರ್ಯ ಅರಸರು ಸಭೆ ಸೇರಿ ಗುಪ್ತ ಮತದಾನದಿಂದ ತಮ್ಮಲ್ಲೊಬ್ಬನನ್ನು ಐದು ವರ್ಷಕ್ಕೆ ದೊರೆಯಾಗಿ ಆರಿಸುತ್ತಾರೆ. ಮತಪತ್ರಕ್ಕೆ ಕ್ರಮಸಂಖ್ಯೆ ಇರುವುದಿಲ್ಲ. ಎಲ್ಲರಿಗೂ ಒಂದೇ ಬಗೆಯ ಪೆನ್ನು, ಒಂದೇ ಶಾಯಿ. ಯಾರು ಯಾರಿಗೆ ಹಾಕಿದರೆಂದು ಗೊತ್ತಾಗದಿದ್ದರೆ ಹಗೆಗೆ ಎಡೆಯಿಲ್ಲ.

ಎಡೆದೊರೆ ನಾಡಿನ ಗದ್ವಾಲ ಸಂಸ್ಥಾನದಲ್ಲಿ ಒಪ್ಪಿಗೆಯ ಕೀಲಿಕೈ ಹೈದರಾಬಾದಿನಲ್ಲಿತ್ತು. ಸೋಮನಾದ್ರಿ ಕೋಟೆ ಕಟ್ಟಿಸಿದ ಈ ಊರನ್ನು ಹಲವು ಸಲ ರಾಣಿಯರೇ ಆಳಿದರು. ಸಂಸ್ಥಾನ ನಿಜಾಮನಿಗೆ ಪೇಷ್ಕಷ್ ಎಂಬ ಕಪ್ಪ ಸಲ್ಲಿಸುತ್ತಿತ್ತು. ಉತ್ತರಾಧಿಕಾರಕ್ಕೆ ಅವನ ಮನ್ನಣೆಯೂ ಬೇಕಿತ್ತು. 1924ರಲ್ಲಿ ಸೀತಾರಾಮಭೂಪಾಲರು ತೀರಿಕೊಂಡ ಮೇಲೆ ಬಂದ ಮಹಾರಾಣಿ ಆದಿಲಕ್ಷ್ಮೀ ದೇವಮ್ಮನವರೇ ಇಲ್ಲಿನ ಕೊನೆಯ ದೊರೆ.

ಸಾಮಂತರು, ಅಮೀರರು, ನಿಜಾಮ: ಒಪ್ಪಿಗೆ ಕೈಯಿಂದ ಕೈಗೆ ಹೋಯಿತೇ ಹೊರತು ಊರಿನವರ ಕೈಗೆ ಬರಲಿಲ್ಲ. ಅದು ಬಂದದ್ದು 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ. ಆರಿಸುವ ಹಕ್ಕಿಗಿಂತ ದೊಡ್ಡದು ಐದು ವರ್ಷಕ್ಕೊಮ್ಮೆ ರಕ್ತ ಹರಿಸದೆ ಬದಲಿಸುವ ಹಕ್ಕು. ಮಳಖೇಡಕ್ಕೂ ಕಲಬುರಗಿಗೂ ದಕ್ಕದೇ ಹೋದದ್ದು ಅದೇ. ಗದ್ವಾಲದ ಕೋಟೆಯೊಳಗೆ ಇಂದು ಆ ಮಹಾರಾಣಿಯ ಹೆಸರಿನ ಸರ್ಕಾರಿ ಕಾಲೇಜಿದೆ. ಹದಿನೆಂಟು ತುಂಬಿದ ವಿದ್ಯಾರ್ಥಿಗಳು ಪುಸ್ತಕ ಹಿಡಿದು ಅದೇ ಕೋಟೆಯೊಳಗೆ ಹೋಗಿಬರುತ್ತಾರೆ. ಪಟ್ಟ ಕಟ್ಟುವವರು ಈಗ ಅವರು.